ತೊಗಲಲ್ಲ ಎಂದೆ

ಪಾಲಯ್ಯ, ಏಳು ವರ್ಷದ ಹಿಂದೆ ನಾನು ನಿನಗೆ ಕೊಟ್ಟ ಬೂಟು ತೊಗಲಿನದು. ತೊಗಲಲ್ಲ ಎಂದು ಹೇಳಿದ್ದೆ. ಸುಳ್ಳು ಹೇಳಿದ್ದೆ. ತಿಳಿಯದೆ ಆದ ತಪ್ಪಲ್ಲ, ಚೆನ್ನಾಗಿ ತಿಳಿದೇ ಹೇಳಿದ್ದು. ಆಮೇಲೆ ನಿನ್ನ ಅಣ್ಣ ಬೋರಯ್ಯ ಬಂದು ಕೇಳಿದಾಗ ಅವರಿಗೂ ಅದನ್ನೇ ಹೇಳಿದೆ.

ಇಷ್ಟು ಬರೆಯುವುದಕ್ಕೆ ಮೂರು ಹಾಳೆ ಹರಿದು ಹಾಕಿದ್ದೇನೆ. ಮೊದಲಿನ ಮೂರರಲ್ಲೂ ಕ್ಷೇಮ ಸಮಾಚಾರದಿಂದ ಶುರು ಮಾಡಿ, ಈ ಸಲದ ಶೇಂಗಾ ಬೆಳೆಯವರೆಗೂ ಹೋಗಿ, ಅಲ್ಲೇ ನಿಂತುಬಿಟ್ಟಿದ್ದೆ. ಬೇಕಾದ್ದನ್ನು ಬಿಟ್ಟು ಬೇಡದ್ದನ್ನೆಲ್ಲ ಹೇಳುವುದರಲ್ಲಿ ನಿನ್ನ ಈ ಸರೋಜಕ್ಕ ಬಲು ಜಾಣೆ. ಅದಕ್ಕೇ ಈ ಸಲ ಮೊದಲ ಸಾಲಿನಲ್ಲೇ ಹೇಳಿ ಮುಗಿಸಿದೆ. ಮುಗಿಸಿದೆ ಅನ್ನುವುದೂ ಸರಿಯಲ್ಲ —

ಹೋದ ವಾರ ಚಳ್ಳಕೆರೆಯ ನನ್ನ ಬೂಟಿನ ಅಂಗಡಿಗೆ ನೀನು ಮಗಳನ್ನು ಕರೆದುಕೊಂಡು ಬಂದೆಯಲ್ಲ, ಅವತ್ತಿನಿಂದ ನನಗೆ ಊಟ ರುಚಿಸುತ್ತಿಲ್ಲ. "ಅಕ್ಕಾ, ಇವಳಿಗೆ ಸೋಲಾರ್‌ನಾಗೆ ಕೆಲಸ ಸಿಕ್ಕೈತೆ. ಬೂಟು ನೀನೇ ನೋಡಿ ಕೊಡು, ತೊಗಲಿಂದು ಬ್ಯಾಡ. ನೀನು ಮುಟ್ಟಿ ಹೇಳಿದ್ರೆ ಮುಗೀತು" ಅಂದೆ. ನಾನು ಏನಂದೆ? ಸ್ಟಾಕ್ ಇಲ್ಲ, ಮುಂದಿನ ವಾರ ಬಾ ಅಂದೆ. ಬೂಟುಗಳು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇದ್ದವು, ಅವಳ ಅಳತೆಯವೂ ಇದ್ದವು. ಆ ಹುಡುಗಿ ನನ್ನ ಕೈಗಳನ್ನೇ ನೋಡುತ್ತಿದ್ದಳು, ಅಪ್ಪ ಇಷ್ಟು ನಂಬುವ ಕೈ ಹೇಗಿರುತ್ತದೆ ಎಂಬಂತೆ. ನಾನು ಕೈಗಳನ್ನು ಕೌಂಟರಿನ ಕೆಳಗೆ ಇಳಿಸಿಕೊಂಡೆ.

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಕೆಲವು ನಿನಗೆ ಗೊತ್ತಿರುವುದೇ, ಆದರೂ ಓದು.

ತಳಕಿನ ಆಚೆ ಗುಡ್ಡದ ಮೇಲೆ ಗಾಳಿ ಫ್ಯಾನು ನಿಲ್ಲಿಸುವ ಕೆಲಸ ನಡೆಯುತ್ತಿತ್ತು. ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅಲ್ಲಿ ದುಡಿಯುತ್ತಿದ್ದ ನಿಮ್ಮೆಲ್ಲರಿಗೂ ಬೂಟು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಕೆಲಸವನ್ನು ನಾನು ಶ್ರದ್ಧೆಯಿಂದಲೇ ಮಾಡಿದೆ, ಇದೊಂದನ್ನು ಹೇಳಿಕೊಳ್ಳಲು ಬಿಡು. ಚಿತ್ರದುರ್ಗದ ವ್ಯಾಪಾರಿ ಕಳಿಸಿದ ಮೂರು ಬಗೆಯ ಬೂಟುಗಳನ್ನೂ ನಾನೇ ಹಾಕಿಕೊಂಡು ಜಲ್ಲಿಯ ಮೇಲೆ ಓಡಾಡಿದೆ. ಒಂದು ರೆಕ್ಸಿನ್ನಿನದು, ಮಧ್ಯಾಹ್ನದ ಬಿಸಿಲಿಗೆ ಒಳಗೆ ಕಾಲು ಬೆಂದುಹೋಗುತ್ತಿತ್ತು. ಇನ್ನೊಂದು ಹಿಮ್ಮಡಿ ಕಚ್ಚುತ್ತಿತ್ತು. ಮೂರನೆಯದು ತೊಗಲಿನದು. ಮುಂದೆ ಬೆರಳಿನ ಮೇಲೆ ಉಕ್ಕಿನ ಟೊಪ್ಪಿ, ಅಟ್ಟೆಯೊಳಗೆ ಬಳ್ಳಾರಿ ಜಾಲಿಯ ಮುಳ್ಳೂ ದಾಟದ ತಗಡು, ಹಾಗಿದ್ದೂ ಕಾಲಿಗೆ ಹಗುರ. ನಿಮ್ಮೆಲ್ಲರ ಪಾದಗಳು ಚಪ್ಪಲಿಯಲ್ಲೇ ಬೆಳೆದು ಅಗಲವಾದಂಥವು. ಅಂಗಡಿಯವರ ನಂಬರನ್ನು ನಂಬದೆ, ಸಂಜೆ ಕಾಲು ಊದಿದ ಹೊತ್ತಿಗೆ ನಿಮ್ಮನ್ನು ಕರೆದು ಸೀರೆ ಪೆಟ್ಟಿಗೆಯ ರಟ್ಟಿನ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಪಾದ ಬರೆದುಕೊಂಡಿದ್ದೆ. ಕಚಗುಳಿ ಅಂತ ಎಲ್ಲರಿಗಿಂತ ಜೋರಾಗಿ ನಕ್ಕವನು ನೀನು.

ಎಲ್ಲರೂ ಹೋದ ಮೇಲೆ ನೀನು ಹಿಂದೆ ಉಳಿದು ಹೇಳಿದೆ: "ಅಕ್ಕಾ, ನಮ್ಮಣ್ಣ ಕಿಲಾರಿ. ದೇವರ ಎತ್ತು ಕಾಯೋ ಮನೆ ನಮ್ದು. ರಜೆ ದಿನ ನಾನೂ ಹಟ್ಟಿಗೆ ಹೋಗಿ ಎತ್ತಿಗೆ ನೀರು ಹೊರ್ತೀನಿ. ನಮ್ಮನೇರು ಯಾರೂ ತೊಗಲು ಮೆಟ್ಟಂಗಿಲ್ಲ ಕಣಕ್ಕ. ನನಗೊಂದು ಜೊತೆ ಬ್ಯಾರೆ ತರಿಸು." ತೊಗಲಿಲ್ಲದೆ ಬೇರೆ ಬಟ್ಟೆಯಿಂದ ಮಾಡಿದ ಗಟ್ಟಿ ಬೂಟುಗಳೂ ಬರುತ್ತವೆ. ಮೊದಲೇ ತಿಳಿಸಿದರೆ ಹತ್ತು ದಿನಕ್ಕೆ ಕಳಿಸುತ್ತೇನೆ ಎಂದು ವ್ಯಾಪಾರಿ ಹೇಳಿದ್ದ. ಆಯ್ತು, ತರಿಸುತ್ತೇನೆ ಎಂದು ನಿನಗೆ ಮಾತು ಕೊಟ್ಟೆ.

ಮರೆತೆ. ಅಷ್ಟೇ. ಇದರ ಹಿಂದೆ ದೊಡ್ಡ ಕಾರಣ ಏನೂ ಇಲ್ಲ. ನೀನು ಎರಡು ಸಲ ನೆನಪಿಸಿದೆ, ಎರಡು ಸಲವೂ "ಹೇಳೀನಿ ಬಿಡು" ಅಂದೆ. ಹೇಳಿರಲಿಲ್ಲ.

ಬೂಟಿನ ಮೂಟೆಗಳು ಬಂದಿಳಿದ ದಿನ, ನಿನಗೆ ಬೇರೆ ಜೊತೆ ಹೇಳಿಲ್ಲ ಎಂಬುದು ನೆನಪಾಯಿತು. ಮಾರನೆಯ ಬೆಳಿಗ್ಗೆ ಕಂಪನಿಯವರ ತಪಾಸಣೆ. ಬೂಟಿಲ್ಲದ ಒಬ್ಬನೂ ಗೇಟಿನೊಳಗೆ ಕಾಣಬಾರದು ಎಂದು ಆದೇಶವಾಗಿತ್ತು. ನಿನ್ನನ್ನು ಹೊರಗೆ ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ನನ್ನ ಮರೆವು ಬಯಲಾಗುತ್ತದೆ. ನನ್ನ ಸಾಹೇಬರ ಬಾಯಿ ನಿನಗೆ ಗೊತ್ತು — ಹತ್ತು ಜನರ ಮುಂದೆ ನಿಲ್ಲಿಸಿ ಬಯ್ಯುವ ಮನುಷ್ಯ. ಇಡೀ ಸೈಟಿನಲ್ಲಿ ನಾನೊಬ್ಬಳೇ ಹೆಂಗಸು. ಆ ಬೈಗುಳ ತಪ್ಪಿಸಿಕೊಳ್ಳಲು ನಿನಗೂ ಅದೇ ತೊಗಲಿನ ಜೊತೆಯನ್ನು ಕೊಟ್ಟೆ.

ನೀನು ಬೂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಈ ಬೂಟುಗಳ ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದಿರುತ್ತಾರೆ, ಗೊತ್ತಿಲ್ಲದವರಿಗೆ ಪ್ಲಾಸ್ಟಿಕ್ಕಿನಂತೆಯೇ ಕಾಣುತ್ತದೆ. "ಅಕ್ಕಾ, ಇದು ತೊಗಲಲ್ಲ ತಾನೆ?" ಅಂದೆ. "ಅಲ್ಲ" ಎಂದಷ್ಟೇ ಹೇಳಿದ್ದರೆ ಬರೀ ಸುಳ್ಳಾಗುತ್ತಿತ್ತು. ನಾನು ಅಷ್ಟಕ್ಕೆ ನಿಲ್ಲಲಿಲ್ಲ. ನಮ್ಮದು ಮೊಳಕಾಲ್ಮೂರಿನ ಮಗ್ಗದ ಮನೆ. ರೇಷ್ಮೆ ಅಸಲಿಯೋ ನಕಲಿಯೋ ತಿಳಿಯಬೇಕಾದರೆ ಒಂದು ಎಳೆ ಕಿತ್ತು ಸುಡುತ್ತೇವೆ. ಅಸಲಿ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೂದಿ ಪುಡಿಯಾಗುತ್ತದೆ. ನಕಲಿ ಎಳೆ ಕರಗಿ ಗುಂಡಗಾಗುತ್ತದೆ. ಇದನ್ನು ನಿಮಗೆಲ್ಲ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಕೊಚ್ಚಿಕೊಂಡಿದ್ದೆ. ಅದನ್ನೇ ಈಗ ಬಳಸಿದೆ. ಬೂಟಿನ ಹೊಲಿಗೆಯಿಂದ ಒಂದು ದಾರ ಎಳೆದು ನಿನ್ನ ಮುಂದೆಯೇ ಕಡ್ಡಿ ಗೀರಿದೆ. ದಾರ ಕರಗಿ ಸಣ್ಣ ಮಣಿಯಾಯಿತು. "ನೋಡು, ಎಲ್ಲ ಪ್ಲಾಸ್ಟಿಕ್ಕು" ಅಂದೆ.

ದಾರ ನೈಲಾನಿನದು. ಯಾವ ತೊಗಲಿನ ಬೂಟಿಗೂ ನೈಲಾನ್ ದಾರವನ್ನೇ ಹಾಕಿರುತ್ತಾರೆ. ಒಂದು ಚೂರು ತೊಗಲು ಕೆರೆದು ಸುಟ್ಟಿದ್ದರೆ ನಿನ್ನ ಮೂಗಿಗೇ ಗೊತ್ತಾಗುತ್ತಿತ್ತು. ನಮ್ಮ ತಾತ ಕಲಿಸಿದ ಪರೀಕ್ಷೆಯನ್ನೇ ಮೋಸಕ್ಕೆ ಬಳಸಿಕೊಂಡೆ. ನೀನು "ಬಲೇ ಅಕ್ಕ" ಎಂದು ನಕ್ಕು ಬೂಟು ಹಾಕಿಕೊಂಡು ಹೋದೆ. ತಪಾಸಣೆ ಸರಾಗವಾಗಿ ಮುಗಿಯಿತು, ನನ್ನ ಭಯ ಮುಗಿಯಲಿಲ್ಲ.

ಅವತ್ತಿನಿಂದ ನಿನ್ನ ಕಾಲು ನೋಡುವುದೇ ನನಗೊಂದು ಶಿಕ್ಷೆಯಾಯಿತು. ಬಣ್ಣ ಎಲ್ಲಾದರೂ ಸುಲಿದಿದೆಯೋ, ಒಳಗಿನ ನಾರು ಕಾಣುತ್ತಿದೆಯೋ ಎಂದು ದಿನಾ ಬೆಳಿಗ್ಗೆ ಕದ್ದು ನೋಡುತ್ತಿದ್ದೆ. ಇನ್ನೊಂದು ಜೊತೆ ತರಿಸಿ ಬದಲಿಸಬಹುದಿತ್ತಲ್ಲ ಅನ್ನುತ್ತೀಯ. ಯಾಕೆ ಬದಲಿಸುತ್ತೀಯ ಅಂತ ನೀನು ಕೇಳಿದರೆ? ಆ ಒಂದು ಪ್ರಶ್ನೆಗೆ ಹೆದರಿ ಸುಮ್ಮನಿದ್ದೆ.

ಮೂರು ತಿಂಗಳಾದ ಮೇಲೆ ಲಾರಿಯಿಂದ ಜಾರಿದ ಕಬ್ಬಿಣದ ಆಂಗಲ್ ಪಟ್ಟಿ ನಿನ್ನ ಬಲಗಾಲ ಮೇಲೆ ಬಿತ್ತು. ಎಲ್ಲರೂ ಓಡಿ ಬಂದರು. ಬೆರಳಿಗೆ ಏನೂ ಆಗಿರಲಿಲ್ಲ, ಬೂಟಿನ ಮೂತಿ ಮಾತ್ರ ಹರಿದು ಉಕ್ಕಿನ ಟೊಪ್ಪಿ ಹೊರಗೆ ಬಂದಿತ್ತು. ಎಲ್ಲರೂ ನಿನ್ನ ಬೆರಳು ನೋಡಿದರು. ನಾನು ನೋಡಿದ್ದು ಹರಿದ ಅಂಚನ್ನು. ಅಲ್ಲಿ ಮಾಸಲು ಬಣ್ಣದ ನಾರು, ಯಾರು ನೋಡಿದರೂ ಗುರುತಿಸುವಂಥ ತೊಗಲು. ನೀನು ನನಗೆ ಕೈ ಮುಗಿದು, "ಈ ಬೂಟು ಮನೇಲಿ ಇಟ್ಕಂತೀನಿ ಅಕ್ಕ, ನನ್ನ ಕಾಲು ಉಳಿಸೈತೆ" ಅಂದೆ. ನಿಯಮ ಇಲ್ಲ, ವಾಪಸು ಕೊಡಬೇಕು ಎಂದು ಗದರಿ ಕಿತ್ತುಕೊಂಡೆ. ಅಂಥ ನಿಯಮವೇ ಇರಲಿಲ್ಲ. ಸ್ಟೋರಿನ ಹಿಂದೆ ಹಳೆ ಗೋಣಿಚೀಲದ ಜೊತೆ ಆ ಬೂಟುಗಳಿಗೆ ಬೆಂಕಿ ಹಚ್ಚಿದೆ. ಸಂಜೆ ಮೊಳಕಾಲ್ಮೂರಿಗೆ ಹೋದಾಗ ನನ್ನ ಸೀರೆಯ ವಾಸನೆಗೆ ಅಮ್ಮ ಮಗ್ಗ ನಿಲ್ಲಿಸಿದಳು. "ಏಮಯಿಂದೇ? ಪಟ್ಟು ಕಾಲ್ಚಿನಾವಾ?" — ಏನಾಯ್ತೇ, ರೇಷ್ಮೆ ಸುಟ್ಟೆಯಾ ಅಂತ, ನಮ್ಮ ಮನೆಯ ತೆಲುಗಿನಲ್ಲಿ. ಏನೂ ಇಲ್ಲ ಅಂದೆ. ಅಮ್ಮನಿಗೂ ಸುಳ್ಳು.

ಅದೇ ಹೊತ್ತಿಗೆ ವ್ಯಾಪಾರಿಗೆ ಫೋನು ಮಾಡಿ ನಿನಗೆ ತೊಗಲಿಲ್ಲದ ಜೊತೆಯನ್ನು ತರಿಸಿಕೊಟ್ಟೆ. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆ. ಹದಿನೈದು ದಿನವೂ ಆಗಿರಲಿಲ್ಲ, ನಿಮ್ಮ ಹಟ್ಟಿಯ ದೇವರ ಎತ್ತು ಸತ್ತಿತು.

ಹೊಟ್ಟೆ ಉಬ್ಬರಿಸಿ ಸತ್ತದ್ದು. ಹಸಿ ಶೇಂಗಾ ಬಳ್ಳಿ ತಿಂದಿರಬೇಕು ಎಂದು ದನದ ಡಾಕ್ಟರು ಹೇಳಿದರಂತೆ. ಕಿಲಾರಿಯ ಮನೆಯವರು ನೇಮ ಮುರಿದರೆ ಎತ್ತಿಗೆ ಕೇಡು ಎಂದು ನಿಮ್ಮಲ್ಲಿ ನಂಬುತ್ತೀರಿ, ನಾನು ಮಾತ್ರ ಡಾಕ್ಟರ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬೂಟಿಗೂ ಎತ್ತಿಗೂ ಏನು ಸಂಬಂಧ ಎಂದು ನನಗೆ ನಾನೇ ಹೇಳಿಕೊಂಡೆ. ಈಗಲೂ ಸಂಬಂಧ ಇಲ್ಲವೆಂದೇ ತಿಳಿದಿದ್ದೇನೆ. ಆದರೆ ಆ ದಿನಗಳಲ್ಲಿ ಹಟ್ಟಿಯ ಕಡೆಯ ರಸ್ತೆಯಲ್ಲಿ ಬಸ್ಸು ಹೋಗುವಾಗ ನಾನು ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ. ದೇವರಿಗೆ ಹೆದರಿದ್ದೆನೋ ಮನುಷ್ಯರಿಗೋ, ಬಿಡಿಸಿ ಹೇಳಲಾರೆ.

ಆಮೇಲೆ ಒಂದು ಮಧ್ಯಾಹ್ನ ನಿನ್ನ ಅಣ್ಣ ಗೇಟಿನ ಹತ್ತಿರ ಬಂದರು. ನೀನು ಅಂದು ಗುಡ್ಡದ ಮೇಲಿದ್ದೆ. ಅವರು ಬಂದದ್ದನ್ನು ನಿನಗೆ ಹೇಳಿದರೋ ಇಲ್ಲವೋ ಗೊತ್ತಿಲ್ಲ. ಹೆಗಲ ಮೇಲೆ ಕಂಬಳಿ, ಬರಿಗಾಲು. ಕಾದ ಡಾಂಬರಿನ ಮೇಲೆ ಸುಮ್ಮನೆ ನಿಂತಿದ್ದರು. ಒಳಗೆ ಬನ್ನಿ ಅಂದರೆ ಬರಲಿಲ್ಲ.

"ಅವ್ವಾ, ನೀನು ಮಗ್ಗದ ಮನೆ ಹೆಣ್ಮಗಳಂತೆ. ನಿನಗೆ ಮುಟ್ಟಿದ್ರೆ ತಿಳೀತೈತಂತೆ. ನಮ್ಮ ಪಾಲಯ್ಯನ ಮೊದಲಿನ ಬೂಟು ತೊಗಲಾ?"

ಅವರೇ ಮುಂದೆ ಹೇಳಿದರು: "ತೊಗಲಾಗಿದ್ರೆ ಹೇಳಿಬಿಡವ್ವ. ಜಗಳಕ್ಕೆ ಬಂದಿಲ್ಲ ನಾನು. ತಿಳೀದೆ ಆಗಿದ್ದಕ್ಕೆ ದಾರಿ ಐತೆ. ಮನೆಮಂದಿಯೆಲ್ಲ ಮಿಂದು, ಕಾಯಿ ಒಡೆದು, ತಪ್ಪಾತು ಅಂತ ಒಪ್ಪಿಸ್ಕಂಡ್ರೆ ಮುಗೀತು. ಯಾರ ತಪ್ಪು ಅಂತ ತಿಳೀದಿದ್ರೆ ಮಾತ್ರ ಕಷ್ಟ."

ಪಾಲಯ್ಯ, ಅಷ್ಟು ಸುಲಭ ಮಾಡಿಕೊಟ್ಟಿದ್ದರು. ಒಂದು ಮಾತು. ನನ್ನ ಕೆಲಸ ಹೋಗುತ್ತಿರಲಿಲ್ಲ, ಯಾರೂ ನನ್ನ ಮೇಲೆ ಕೈ ಎತ್ತುತ್ತಿರಲಿಲ್ಲ. ಆದರೆ ದಾರ ಸುಟ್ಟು ತೋರಿಸಿದ ಕಥೆ ಹೊರಗೆ ಬರುತ್ತಿತ್ತು. ಸರೋಜಕ್ಕ ಮುಟ್ಟಿ ಹೇಳಿದರೆ ಮುಗೀತು ಅನ್ನುವ ಆ ಹೆಸರು ಹೋಗುತ್ತಿತ್ತು. ಅದಕ್ಕಾಗಿ —

"ಅಲ್ಲ, ತೊಗಲಲ್ಲ" ಅಂದೆ.

ಅವರು ನನ್ನ ಮುಖ ನೋಡಿದರು. ಅನುಮಾನದಿಂದಲ್ಲ. "ಹಂಗಾದ್ರೆ ತಪ್ಪು ನಂದೇ" ಅಂದರು. ಕಂಬಳಿ ಸರಿಮಾಡಿಕೊಂಡು ಹೋದರು.

ಮುಂದಿನದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಮನೆಯಲ್ಲಿ ಯಾರ ತಪ್ಪೂ ಸಿಗಲಿಲ್ಲವೆಂದು, ತನ್ನ ಕಾವಲಿನಲ್ಲೇ ಕೊರತೆಯಾಗಿದೆ ಎಂದು ಹಿರಿಯರ ಮುಂದೆ ಒಪ್ಪಿಕೊಂಡು ಅವರು ಕಿಲಾರಿಯ ಕೋಲು ಕೆಳಗಿಟ್ಟು ಎತ್ತು ಕಾಯುವುದನ್ನೇ ಬಿಟ್ಟರು. ಬೇಡ ಎಂದು ಎಲ್ಲರೂ ಹೇಳಿದರೂ ಕೇಳಲಿಲ್ಲವಂತೆ. ಇಪ್ಪತ್ತು ವರ್ಷ ಆ ಎತ್ತುಗಳ ಹಿಂದೆ ನಡೆದ ಮನುಷ್ಯ. ಹೋದ ವಾರ ನಾನು ಕೇಳದಿದ್ದರೂ ನೀನೇ ಹೇಳಿದೆ: "ಅಣ್ಣ ಕಟ್ಟೆ ಮ್ಯಾಲೆ ಕುಂತಿರ್ತಾನಕ್ಕ. ಎತ್ತು ಬರೋ ಗೆಜ್ಜೆ ಸದ್ದು ಕೇಳಿದ್ರೆ ಎದ್ದು ಒಳಗೆ ಹೋಗ್ತಾನೆ." ಹೇಳಿ, ಮಗಳ ಕಾಲಿನ ಅಳತೆ ಕೊಟ್ಟು ಹೋದೆ.

ಬೂಟು ನಿನ್ನ ಬೆರಳು ಉಳಿಸಿತಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಉಳಿಸಿದ್ದು ಉಕ್ಕಿನ ಟೊಪ್ಪಿ. ನಾನು ಮರೆಯದೆ ಇದ್ದಿದ್ದರೆ ಬರುತ್ತಿದ್ದ ಜೊತೆಗೂ ಅದೇ ಟೊಪ್ಪಿ ಇರುತ್ತಿತ್ತು. ಅಲ್ಲಿಗೆ ಆ ಸಮಾಧಾನವೂ ನನ್ನ ಪಾಲಿಗಿಲ್ಲ.

ಮೊನ್ನೆ ಹೇಳಿಬಿಡೋಣವೆಂದು ಪರಶುರಾಂಪುರದ ಬಸ್ಸು ಹತ್ತಿದ್ದೆ. ನಿಮ್ಮ ಹಟ್ಟಿಯ ದಾರಿ ಬಂತು, ಕಟ್ಟೆಯ ಮೇಲೆ ಅವರು ಕೂತಿದ್ದರು. ಕಂಡಕ್ಟರ್ ಎರಡು ಸಲ ಕೂಗಿದ. ನಾನು ಏಳಲಿಲ್ಲ. ಕೊನೆಯ ಸ್ಟಾಪಿನವರೆಗೂ ಹೋಗಿ, ಅಲ್ಲಿಂದ ಬೇರೆ ದಾರಿಯ ಬಸ್ಸು ಹಿಡಿದು ಮನೆಗೆ ಬಂದೆ.

ಮಗಳ ಬೂಟನ್ನು ಈ ಕಾಗದದ ಜೊತೆಯಲ್ಲೇ ಕಳಿಸುತ್ತಿದ್ದೇನೆ. ತೊಗಲಲ್ಲ. ಆದರೆ ನನ್ನ ಮಾತು ನಂಬಬೇಡಿ. ಲೇಸಿನ ಕೆಳಗಿನ ನಾಲಿಗೆಯ ಅಂಚಿನಿಂದ ಒಂದು ಚೂರು ಅವಳೇ ಕತ್ತರಿಸಿ ಸುಟ್ಟು ನೋಡಲಿ. ದಾರವನ್ನಲ್ಲ, ಚೂರನ್ನು. ಮೂಸಿ ನೋಡುವುದನ್ನು ಅವಳಿಗೆ ಕಲಿಸು. ಹಾಕಿಕೊಂಡು ಸಂಜೆಯ ಹೊತ್ತು ನಡೆದು ನೋಡಲಿ, ಹಿಮ್ಮಡಿ ಕಚ್ಚಿದರೆ ವಾಪಸು ತರಲಿ.

ಬರುವ ಭಾನುವಾರ ಬೆಳಿಗ್ಗೆ ನಾನು ಹಟ್ಟಿಗೆ ಬರುತ್ತೇನೆ. ಹಿರಿಯರು ಯಾರ್ಯಾರು ಇರಬೇಕೋ ಕರೆಸು. ಅವರ ಮುಂದೆ ಎಲ್ಲವನ್ನೂ ಹೇಳುತ್ತೇನೆ. ಕೋಲು ಮತ್ತೆ ನಿನ್ನ ಅಣ್ಣನ ಕೈಗೆ ಬರುತ್ತದೋ ಇಲ್ಲವೋ, ಅದು ನನ್ನ ಕೈಯಲ್ಲಿಲ್ಲ. ಬಯ್ಯುತ್ತಾರೆ ಎಂಬ ಹೆದರಿಕೆ ಇದೆ, ಬಯ್ಯದೆ ಸುಮ್ಮನಿದ್ದರೆ ಏನು ಮಾಡುವುದೆಂದು ಅದಕ್ಕಿಂತ ಹೆಚ್ಚು ಹೆದರಿದ್ದೇನೆ.

ಒಂದೇ ಒಂದು ಬೇಡಿಕೆ. ಈ ಕಾಗದವನ್ನು ಇವತ್ತೇ ನಿನ್ನ ಅಣ್ಣನಿಗೆ ಓದಿ ಹೇಳು. ನಾನು ಬರುವವರೆಗೆ ಕಾಯಬೇಡ. ಅವರಿಗೆ ಮೊದಲೇ ಗೊತ್ತಿರದಿದ್ದರೆ ನಾನು ಬಂದು, ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಕುಡಿದು, ಮಳೆ ಬೆಳೆ ವಿಚಾರಿಸಿ, ಏನೂ ಹೇಳದೆ ಎದ್ದು ಬಂದುಬಿಡುತ್ತೇನೆ.