ಗೌರಮ್ಮನವರ ಗಂಧರಾಜಕ್ಕೆ ಬಂದ ಬಿಳಿನೊಣ

೧೯೮೨ರಲ್ಲಿ ನಾನು ತುರುವೇಕೆರೆ ತಾಲ್ಲೂಕಿನಲ್ಲಿ ತೋಟಗಾರಿಕೆ ಸಹಾಯಕನಾಗಿದ್ದೆ. ದಂಡಿನಶಿವರದ ಸುತ್ತಲಿನ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಹೆಸರಿಗೆ ತೋಟಗಾರಿಕೆ, ಆದರೆ ಆ ಸೀಮೆಯಲ್ಲಿ ತೋಟವೆಂದರೆ ತೆಂಗು, ಮಾತೆಂದರೂ ತೆಂಗೇ. ಸುಳಿ ಕೊರೆಯುವ ದುಂಬಿಗೆ ಏನು ಮಾಡಬೇಕು, ಗೊಬ್ಬರ ಎಷ್ಟು ಹಾಕಬೇಕು ಎಂದು ಹೇಳುತ್ತ ದಿನವಿಡೀ ಸೈಕಲ್ ತುಳಿಯುತ್ತಿದ್ದೆ. ಹೂಗಿಡದ ಕಾಯಿಲೆಗೆಂದು ನನ್ನನ್ನು ಕರೆದವರು ರುದ್ರಪ್ಪನವರೊಬ್ಬರೇ. ಅವರೂ ಹೂಗಿಡ ಉಳಿಸಲೆಂದು ಕರೆದದ್ದಲ್ಲ.

ರುದ್ರಪ್ಪನವರದು ಊರಂಚಿನ ತೆಂಗಿನ ತೋಟ, ತೋಟದೊಳಗೇ ಮನೆ. ಒಂದು ಬೆಳಿಗ್ಗೆ ಕಚೇರಿಗೆ ಬಂದವರೇ ಅಂಗಿ ಜೇಬಿನಿಂದ ಒಂದು ಎಲೆ ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಲೆಯ ಮಸಿ ಬಳಿದಂತೆ ಎಲೆಯೆಲ್ಲ ಕಪ್ಪಾಗಿತ್ತು.

"ನಮ್ಮನೇವ್ಳ ಗಂಧರಾಜದ ಎಲೆ ಕಣ್ರೀ ಸಾರ್. ಹೂವಿನ ಗಿಡ ಹೋದ್ರೆ ಹೋಯ್ತದೆ, ತೆಂಗಿಗೆ ಹತ್ಕೊಂಡ್ರೆ ಏನ್ ಗತಿ? ಬರೋ ತಿಂಗ್ಳು ಕಾಯಿ ಕೀಳೋರು ಬತ್ತಾರೆ. ಅಷ್ಟರಲ್ಲಿ ವಾಸಿಯಾಗ್ದಿದ್ರೆ ಅವ್ರ ಕೈಲೇ ಬುಡಸಮೇತ ಕೀಳಿಸ್ಬುಡ್ತೀನಿ."

ನಾನು ಅಂದೇ ಹೊರಟೆ. ಹಿತ್ತಲ ಬಾಗಿಲಿನಿಂದ ಬಾವಿಯವರೆಗೆ ಸಾಲಾಗಿ ಹನ್ನೆರಡು ಗಂಧರಾಜದ ಗಿಡಗಳಿದ್ದವು. ನಮ್ಮ ಇಲಾಖೆಯ ಪುಸ್ತಕಗಳಲ್ಲಿ ಗಾರ್ಡೇನಿಯ ಎನ್ನುವುದು ಇದನ್ನೇ. ದಪ್ಪ ಬಿಳಿ ದಳದ ಹೂವು, ಒಂದೇ ಒಂದು ಅರಳಿದರೂ ಹಿತ್ತಲೆಲ್ಲ ಘಮ್ಮೆನ್ನುತ್ತದೆ. ರುದ್ರಪ್ಪನವರ ಹೆಂಡತಿ ಗೌರಮ್ಮ ಮಣೆ ಹಾಕಿಕೊಂಡು ಕೂತು, ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆಯ ಮಸಿ ಒರೆಸುತ್ತಿದ್ದರು. ಐವತ್ತು ದಾಟಿದ ಹೆಂಗಸು. ಪೂಜೆಯ ಸಾಮಾನು ಬೆಳಗುವಷ್ಟು ಶ್ರದ್ಧೆಯಿಂದ ಎಲೆ ಬೆಳಗುತ್ತಿದ್ದರು.

"ದಿನಾ ಒರೆಸ್ತೀನಿ ಕಣಪ್ಪ, ಎರಡ್ ದಿನಕ್ಕೆ ಮತ್ತೆ ಹಂಗೇ ಕಪ್ಪಾಗ್ತೈತೆ" ಎಂದರು. ಆಮೇಲೆ ಗಂಡನಿಗೆ ಕೇಳಿಸದಷ್ಟು ಮೆಲ್ಲಗೆ, "ಮದ್ವೆಯಾಗಿ ಬರೋವಾಗ ಶೆಟ್ಟಿಕೆರೆಯಿಂದ ನಮ್ಮವ್ವ ಕಡ್ಡಿ ಮುರಿದುಕೊಟ್ಟಿದ್ಲು. ತವರಲ್ಲಿ ಬಾವಿ ಕಟ್ಟೆ ಕಟ್ಟಿಸೋವಾಗ ಅಲ್ಲಿದ್ದ ಗಿಡ ಹೋಯ್ತು. ಈಗ ಅವ್ವನೂ ಇಲ್ಲ. ಉಳಿದಿರೋದು ಇಷ್ಟೇ" ಎಂದರು. ಈ ಗಿಡಕ್ಕೆ ಗುದ್ದಲಿ ಬೀಳಬಾರದು ಎಂದು ಅಲ್ಲೇ ತೀರ್ಮಾನಿಸಿದೆ.

ಒಂದು ಕೊಂಬೆ ಹಿಡಿದು ಅಲ್ಲಾಡಿಸಿದೆ. ಅಕ್ಕಿಹಿಟ್ಟು ತೂರಿದ ಹಾಗೆ ಪುಟ್ಟ ಬಿಳಿ ಹುಳುಗಳು ಎದ್ದು, ಮತ್ತೆ ಎಲೆಯಡಿಗೇ ಹೋಗಿ ಕೂತವು. ಎಲೆ ಮಗುಚಿ ತೋರಿಸಿದೆ. ಬಿಳಿನೊಣ ಮೊಟ್ಟೆಯಿಡುವುದು ಎಲೆಯ ಕೆಳಮೈಗೆ. ಮರಿಗಳು ಅಲ್ಲೇ ಅಂಟಿಕೊಂಡು ರಸ ಹೀರುತ್ತವೆ, ಸಿಹಿಯಾದ ಅಂಟನ್ನು ಹೊರಗೆ ಬಿಡುತ್ತವೆ. ಆ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಊರವರು ಮಸಿ ಎನ್ನುತ್ತಿದ್ದದ್ದು ಅದನ್ನೇ.

"ಅಮ್ಮ, ನೀವು ಮೇಲಿನ ಕೊಳೆ ಒರೆಸ್ತಾ ಇದ್ದೀರಿ. ಕೊಳೆ ಮಾಡೋರು ಕೆಳಗೆ ಆರಾಮಾಗಿ ಊಟಕ್ಕೆ ಕೂತಿದ್ದಾರೆ" ಎಂದೆ. ರುದ್ರಪ್ಪನವರ ಕಡೆ ತಿರುಗಿ, ಈ ನೊಣ ತೆಂಗಿನ ಮೇಲೆ ಬದುಕುವ ಜಾತಿಯದಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಈಚಿನ ವರ್ಷಗಳಲ್ಲಿ ತೆಂಗನ್ನೇ ಕಾಡುವ ಬೇರೊಂದು ಬಿಳಿನೊಣ ಬಂದಿದೆ, ಆ ಮಾತು ಬೇರೆ. ಅಂದು ನನಗೆ ಅನುಮಾನವೇ ಇರಲಿಲ್ಲ. ರುದ್ರಪ್ಪನವರಿಗೆ ಮಾತ್ರ ನಂಬಿಕೆ ಬರಲಿಲ್ಲ.

ಆಗ ನಮ್ಮ ಕಚೇರಿಯಲ್ಲಿ ಇಂಥ ಹುಳುವಿಗೆಂದು ಮೀನೆಣ್ಣೆ ಮತ್ತು ರಾಳದಿಂದ ಮಾಡಿದ ಸೋಪು ಇರುತ್ತಿತ್ತು. ಒಂದು ಕಿಲೋ ಸೋಪನ್ನು ನಲವತ್ತು ಲೀಟರ್ ನೀರಿನಲ್ಲಿ ಕರಗಿಸಿ ಸಿಂಪಡಿಸಿದರೆ ಹುಳುಗಳ ಮೈಗೆ ಅಂಟಿ ಉಸಿರು ಕಟ್ಟಿಸುತ್ತದೆ. ಮರುದಿನ ಡಬ್ಬಿ ಒಯ್ದು ಮುಚ್ಚಳ ತೆಗೆದೆ. ಗೌರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದೇನಪ್ಪ ಈ ವಾಸ್ನೆ?" ಎಂದು ಕೇಳಿದರು. ಬಾಯಿಗೆ ಬಂದದ್ದು ಹೇಳಿ ಸಾಗಹಾಕುವುದು ನನ್ನ ಜಾಯಮಾನವಲ್ಲ. ಮೀನೆಣ್ಣೆ ಎಂದೆ.

"ಶಿವಶಿವಾ! ಈ ಹೂವ ನಾನು ದಿನಾ ಲಿಂಗಕ್ಕೆ ಏರ್ಸೋದು. ಮೀನೆಣ್ಣೆ ಬಿದ್ದ ಗಿಡದ ಹೂವ ಹೆಂಗಪ್ಪ ಇಡಲಿ? ಗಿಡ ಹೋದ್ರೆ ಹೋಗ್ಲಿ ಬುಡು" ಎಂದರು. ಹಾಗೆಂದವರ ಕಣ್ಣು ಆಗಲೇ ತುಂಬಿತ್ತು.

"ನೋಡಿದ್ರಾ ಸಾರ್, ಅವ್ಳೇ ಅಂದ್ಲು. ಕೀಳಿಸೋದೇ ಸರಿ" ಎಂದರು ರುದ್ರಪ್ಪ.

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಹುಳುವಿಗೆ ಉಸಿರು ಕಟ್ಟಬೇಕಾದರೆ ಎಣ್ಣೆ ಬೇಕು, ಎಣ್ಣೆ ನೀರಿನೊಂದಿಗೆ ಬೆರೆಯಲು ನೊರೆ ಬೇಕು. ಮೀನೇ ಆಗಬೇಕೆಂದು ಹುಳು ಹಟ ಹಿಡಿಯುವುದಿಲ್ಲ. "ಹೊಂಗೆ ಎಣ್ಣೆ ಆಗುತ್ತೇನಮ್ಮ?" ಎಂದು ಕೇಳಿದೆ. "ಅದ್ರಲ್ಲಿ ದೀಪ ಹಚ್ತೀವಿ, ಆಗ್ದೆ ಏನು?" ಎಂದರು. ನೊರೆಗೆ ಸೀರೆ ಒಗೆಯುವ ಅಂಟುವಾಳದ ಕಾಯಿ ಮನೆಯಲ್ಲೇ ಇತ್ತು. ಕಾಯಿ ನೆನೆಸಿ ಕಿವುಚಿ, ಆ ನೊರೆಯಲ್ಲಿ ಹೊಂಗೆ ಎಣ್ಣೆ ಕದಡಿ, ಹತ್ತು ಲೀಟರ್ ನೀರಿಗೆ ಇನ್ನೂರು ಮಿಲಿಲೀಟರ್ ಎಣ್ಣೆಯ ಲೆಕ್ಕದಲ್ಲಿ ಬೆರೆಸಿದೆವು. ಎಲೆ ಸುಡಬಾರದೆಂದು ಮೊದಲು ಒಂದೇ ಕೊಂಬೆಗೆ ಹೊಡೆದು ನೋಡಿ, ಮಾರನೆಯ ಸಂಜೆ ಎಲ್ಲ ಗಿಡಗಳಿಗೂ ಹೊಡೆದೆ. ಸ್ಪ್ರೇಯರಿನ ಮೂತಿಯನ್ನು ಮೇಲ್ಮುಖ ಮಾಡಿ, ಎಲೆಯ ಕೆಳಮೈ ತೊಯ್ಯುವಂತೆ ಬಗ್ಗಿ ಬಗ್ಗಿ ಹೊಡೆದು ಸೊಂಟ ಹಿಡಿದುಕೊಂಡಿತು.

ಹುಳು ಕಡಿಮೆಯಾದವು. ಆದರೆ ವಾರದ ನಂತರ ಎರಡನೆಯ ಸಲ ಹೊಡೆಯಲು ಹೋದಾಗ, ಹತ್ತು ಗಿಡ ಚೆನ್ನಾಗಿದ್ದು ಹಿತ್ತಲ ಬಾಗಿಲ ಬಳಿಯ ಎರಡರಲ್ಲಿ ಮಾತ್ರ ಮತ್ತೆ ಹುಳುಗಳು ತುಂಬಿದ್ದವು. ಔಷಧಿ ಒಂದೇ, ಕೈಯೂ ಒಂದೇ. ಹಾಗಾದರೆ ಆ ಎರಡು ಗಿಡಗಳಿಗೆ ಬೇರೇನೋ ಸಿಗುತ್ತಿದೆ ಎಂದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಅಂದು ಸೋಮವಾರ. ಒಳಗೆ ಪೂಜೆ ಮುಗಿಯಿತು. ಗೌರಮ್ಮ ತಂಬಿಗೆ ಹಿಡಿದು ಬಂದು, ದೇವರ ಅಭಿಷೇಕದಲ್ಲಿ ಮಿಕ್ಕ ಹಾಲು, ಜೇನುತುಪ್ಪ, ಸಕ್ಕರೆಯ ನೀರನ್ನು ಆ ಎರಡು ಗಿಡಗಳ ಬುಡಕ್ಕೆ ಭಕ್ತಿಯಿಂದ ಸುರಿದರು. ತುಳಿದಾಡುವ ಜಾಗಕ್ಕೆ ಚೆಲ್ಲಬಾರದಲ್ಲ! ಬಗ್ಗಿ ನೋಡಿದರೆ ಬುಡದಲ್ಲಿ ಇರುವೆಗಳ ದೊಡ್ಡ ಗೂಡು, ಕಾಂಡದ ಮೇಲೆ ಸಾಲು. ಇರುವೆಗೆ ಬಿಳಿನೊಣದ ಸಿಹಿ ಅಂಟೂ ಬೇಕು. ಅದಕ್ಕಾಗಿ ನೊಣದ ಮರಿಗಳನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಕಚ್ಚಿ ಓಡಿಸುತ್ತದೆ. ಕೆಳಗೆ ಪಂಚಾಮೃತ, ಮೇಲೆ ಅಂಟು. ಎರಡು ಹೊತ್ತಿನ ಊಟ ಸಿಗುವ ಮನೆಯನ್ನು ಅವು ಯಾಕೆ ಬಿಟ್ಟಾವು?

"ಅಮ್ಮ, ತೀರ್ಥಕ್ಕೆ ಬೇರೆ ಜಾಗ ನೋಡೋಣ. ಆ ಮೂಲೆಯ ತೆಂಗಿನ ಬುಡ ಆಗಬಹುದಲ್ಲ? ಅಲ್ಲಿ ಯಾರೂ ತುಳಿಯಲ್ಲ" ಎಂದೆ.

ರುದ್ರಪ್ಪನವರು ಹೌಹಾರಿದರು. "ಇರುವೆ ನನ್ ತೆಂಗಿಗೆ ಹತ್ತಾಕಿಲ್ವಾ?"

"ಹತ್ತಲಿ ಬಿಡಿ. ಇರುವೆ ಅಲ್ಲಿ ಕಾವಲು ಕಾಯೋಣ ಅಂದ್ರೆ ಈ ನೊಣಾನೇ ಇಲ್ಲ."

ಗೌರಮ್ಮ ನಕ್ಕರು. "ಇಷ್ಟ್ ವರ್ಷ ಹೂವಿನ ಗಿಡ ಕುಡೀತು, ಇನ್ಮೇಲೆ ನಿಮ್ ತೆಂಗೂ ಒಸಿ ಕುಡೀಲಿ ಬುಡ್ರೀ" ಎಂದರು. ದೇವರ ತೀರ್ಥ ತನ್ನ ತೆಂಗಿಗೆ ಎಂದ ಮೇಲೆ ರುದ್ರಪ್ಪನವರು ಬೇಡವೆನ್ನುವುದು ಹೇಗೆ? ತಾವೇ ಗುದ್ದಲಿ ತಂದು ಇರುವೆಗೂಡನ್ನು ಕೆದಕಿ ಹಾಕಿದರು. ನಾನು ಎರಡನೆಯ ಸಿಂಪಡಣೆ ಮುಗಿಸಿದೆ.

ಕಾಯಿ ಕೀಳುವವರು ಬಂದ ದಿನ ನಾನೂ ಬೇಕೆಂದೇ ಹೋದೆ. ಹೊಸ ಚಿಗುರು ಹಸಿರಾಗಿ ಹೊಳೆಯುತ್ತಿತ್ತು. ರುದ್ರಪ್ಪನವರು ಬಾಗಿಲ ಬಳಿಯ ಗಿಡದ ಎಲೆಗಳನ್ನು ಮಗುಚಿ ಮಗುಚಿ ನೋಡಿದರು, ಕೊಂಬೆ ಅಲ್ಲಾಡಿಸಿದರು. ಏನೂ ಏಳಲಿಲ್ಲ. ಗುದ್ದಲಿಯ ಮಾತನ್ನು ಯಾರೂ ಎತ್ತಲಿಲ್ಲ. ಗೌರಮ್ಮ ಕೊಟ್ಟ ಕಾಫಿಯಲ್ಲಿ ಸಕ್ಕರೆ ಎಂದಿಗಿಂತ ಜಾಸ್ತಿಯಿತ್ತು.

ನಿವೃತ್ತನಾಗುವವರೆಗೂ ಎಷ್ಟೋ ಕೀಟಕ್ಕೆ ಎಷ್ಟೋ ಔಷಧಿ ಹೇಳಿದ್ದೇನೆ. ಆದರೆ ಅಂದಿನಿಂದ ಹುಳುವಿನ ಹೆಸರು ಹೇಳುವ ಮೊದಲು ಗಿಡದ ಯಜಮಾನಿಯನ್ನು ಮಾತಾಡಿಸುತ್ತಿದ್ದೆ. ಈ ಹೂವು ಎಲ್ಲಿಗೆ ಹೋಗುತ್ತದೆ, ಬುಡಕ್ಕೆ ಏನೇನು ಬೀಳುತ್ತದೆ, ಗಿಡ ಎಲ್ಲಿಂದ ಬಂತು ಎಂದು ಕೇಳುತ್ತಿದ್ದೆ. ಮನೆಯವರ ಮನಸ್ಸು ಒಪ್ಪದ ಔಷಧಿ ಎಷ್ಟೇ ಒಳ್ಳೆಯದಾದರೂ ಡಬ್ಬಿಯಲ್ಲೇ ಉಳಿಯುತ್ತದೆ.

ಆ ಮಳೆಗಾಲದಲ್ಲಿ ಒಮ್ಮೆ ಬಸ್ಸಿನಲ್ಲಿ ರುದ್ರಪ್ಪನವರು ಸಿಕ್ಕರು. ತೊಡೆಯ ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿದ ನಾಲ್ಕು ಗಂಧರಾಜದ ಸಸಿಗಳು. ಕಂಡಕ್ಟರು ಅವನ್ನು ಸೀಟಿನ ಕೆಳಗಿಡಿ ಎಂದ.

"ಕೆಳಗಿಡಾಕಾಗಲ್ಲ ಕಣಪ್ಪ" ಎಂದರು ರುದ್ರಪ್ಪ, ಎಲೆಗಳ ಅಡಿಯನ್ನು ಇನ್ನೊಮ್ಮೆ ನೋಡುತ್ತ. "ಶೆಟ್ಟಿಕೆರೆಗೆ ಹೊಂಟೈತೆ. ನಮ್ಮನೇವ್ಳ ತವರಿಗೆ."