ಕಾಕು ಬಡಿದ ಗೋಡೆ

ಮೋಡ ಕವಿದರೆ ಸಾಕು, ನಮ್ಮ ಕಾಕುವಿನ ಕೈ ಲಟ್ಟಣಿಗೆ ಹುಡುಕುತ್ತಿತ್ತು. ಚಪಾತಿಗಲ್ಲ, ಗೋಡೆಗೆ. ಮೊದಲ ಹನಿ ಬಿದ್ದೊಡನೆ ಅಡುಗೆಮನೆಯ ಗೋಡೆಯನ್ನು ಠಕ್ ಠಕ್ ಎಂದು ಬಡಿದು, ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಟ್ಟೆ ತೆಗೆಯಲು ಓಡುತ್ತಿದ್ದಳು. ಮೊದಲು ಪಕ್ಕದ ಮನೆಯವರ ಬಟ್ಟೆ ಉಳಿಯಬೇಕು, ನಮ್ಮದು ಆಮೇಲೆ. ಈ ರೂಢಿ ಆಕೆ ಕಲಿತದ್ದು ಈಗ ನಾನಿರುವ ಹೈದರಾಬಾದಿನ ನಾಚಾರಂನಲ್ಲಲ್ಲ, ಹುಟ್ಟೂರು ಕಲಬುರಗಿಯಲ್ಲೂ ಅಲ್ಲ; ಇಂಗ್ಲೆಂಡಿನ ಬೋಲ್ಟನ್ ಎಂಬ ಗಿರಣಿ ಊರಿನಲ್ಲಿ.

ನಾನು ಬೆಳೆದದ್ದು ಅಲ್ಲೇ. ಅಪ್ಪ, ಅಪ್ಪನ ತಮ್ಮ ಕಾಕಾ ಇಬ್ಬರೂ ನೂಲಿನ ಗಿರಣಿಗೆ ಹೋದರೆ ಅವ್ವ ಹೊಲಿಗೆ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಮಕ್ಕಳಿಲ್ಲದ ಕಾಕು, ಅಂದರೆ ಕಾಕಾನ ಹೆಂಡತಿ, ಮನೆಗೂ ನನಗೂ ಯಜಮಾನಿ. ಒಂದಕ್ಕೊಂದು ಅಂಟಿಕೊಂಡು ನಿಂತ ಕೆಂಪು ಇಟ್ಟಿಗೆಯ ಮನೆಗಳು, ಹಿಂದೆ ಒಂದು ಓಣಿ, ಓಣಿಗೆ ಅಡ್ಡಲಾಗಿ ಎಲ್ಲರ ಬಟ್ಟೆ ಹಗ್ಗ. ಅಲ್ಲಿ ಬಿಸಿಲಿಗೆ ಬರಗಾಲ. ಆದರೂ ಕಾಕು ಸಂಡಿಗೆ ಇಡುವ ಹಟ ಬಿಡಲಿಲ್ಲ. ತಟ್ಟೆಯನ್ನು ಹೊರಗಿಟ್ಟು, ಒಳಗೆ ತಂದು, ಮತ್ತೆ ಹೊರಗಿಟ್ಟು, ಬೇಸರ ಬಂದಾಗ ಸೂರ್ಯನನ್ನೇ ಆಡಿಕೊಳ್ಳುತ್ತಿದ್ದಳು: "ಸಿಟ್ಟಿಗೆದ್ದ ಅಳಿಯ ಇದ್ದಂಗ ಇಂವಾ. ಬರ್ತಾನ, ಕುಂದ್ರಂಗಿಲ್ಲ."

ಗೋಡೆಯ ಆಚೆ ಡೋರಿಸ್ ಎಂಬ ಒಂಟಿ ಮುದುಕಿ ಇದ್ದಳು. ಆಕೆಗೆ ಕನ್ನಡ ಬಾರದು, ಕಾಕುವಿಗೆ ಇಂಗ್ಲಿಷ್ ಬಾರದು. ನಾನು ಕರೆಯುವುದನ್ನು ಕೇಳಿ ಅದೇ ಹೆಸರೆಂದುಕೊಂಡು ಆಕೆಯೂ "ಕಾಕೂ" ಎನ್ನುತ್ತಿದ್ದಳು. ಕಾಕು ಆಕೆಯನ್ನು ಡೋರಿಸವ್ವ ಮಾಡಿಬಿಟ್ಟಿದ್ದಳು. ಮಳೆ ಮೊದಲು ಯಾರ ಕಣ್ಣಿಗೆ ಬೀಳುತ್ತದೋ ಅವರು ಗೋಡೆ ಬಡಿಯಬೇಕು, ಕೇಳಿದವರು ತಿರುಗಿ ಬಡಿಯಬೇಕು. ಇಷ್ಟೇ ಅವರ ಮಾತುಕತೆ. ನಮ್ಮ ಸಂಡಿಗೆ ತಟ್ಟೆಯನ್ನು ಡೋರಿಸ್, ಅದು ಏನೆಂದು ತಿಳಿಯದೆಯೇ, ಎಷ್ಟೋ ಸಲ ಒಳಗಿಟ್ಟು ಕಾಪಾಡಿದ್ದಾಳೆ.

ಒಂದು ಮಧ್ಯಾಹ್ನ ಕಾಕುವಿಗೆ ಜೊಂಪು ಹತ್ತಿತ್ತು. ಎದ್ದು ನೋಡಿದರೆ ಮಳೆ ಸುರಿದು ಎರಡೂ ಮನೆಯ ಬಟ್ಟೆ ತೊಯ್ದು ತೊಪ್ಪೆಯಾಗಿವೆ, ಗೋಡೆ ಮಾತ್ರ ಸುಮ್ಮನಿದೆ. ಆಕೆ ಬಟ್ಟೆಯ ಗೊಡವೆಗೆ ಹೋಗಲಿಲ್ಲ. ಗೋಡೆ ಬಡಿದಳು. ಉತ್ತರ ಬರಲಿಲ್ಲ. ಏನೋ ಆಗಿದೆ ಎಂದು ಬರಿಗಾಲಲ್ಲೇ ಓಡಿದಳು, ಹಿಂದೆ ನಾನು. ಡೋರಿಸ್ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದಳು. ಸೊಂಟ ಮುರಿದಿತ್ತು, ಜೀವವಿತ್ತು. ಆಂಬುಲೆನ್ಸ್ ಬರುವವರೆಗೂ ಕಾಕು ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೆಟ್ಟಿಲು ನೋಡಿ ಇಳಿಯಬಾರದೇ ಎಂದು ಕನ್ನಡದಲ್ಲೇ ಬಯ್ಯುತ್ತಿದ್ದಳು. ಆಮೇಲೆ ಒಂದು ಮಾತು ಆಕೆಯ ಬಾಯಲ್ಲಿ ನಿಂತುಬಿಟ್ಟಿತು: "ದೇವರು ಆಮ್ಯಾಲ, ಮೊದ್ಲ ಬಾಜೂ ಮನಿ. ನಾವು ಅದೀವೋ ಇಲ್ಲೋ ಅಂತ ಕೇಳಾಕ ಗ್ವಾಡಿ ಆಕಡಿ ಒಬ್ರು ಬೇಕವಾ."

ಡೋರಿಸ್ ಗುಣವಾಗಿ ಮನೆಗೆ ಮರಳಿದ ಕೆಲವು ವರ್ಷಕ್ಕೆ ಗಿರಣಿ ಮುಚ್ಚಿತು. ಅಪ್ಪನಿಗೆ ಹೈದರಾಬಾದಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಎಲ್ಲರೂ ಹೊರಟೆವು. ಹೊರಡುವ ದಿನ ಡೋರಿಸ್ ಬಾಗಿಲಿಗೆ ಬರಲಿಲ್ಲ. ಟ್ಯಾಕ್ಸಿ ಬಂದು ನಿಂತಿತ್ತು. ಕಾಕು ಖಾಲಿ ಅಡುಗೆಮನೆಯನ್ನು ಕೊನೆಯ ಸಲ ನೋಡುತ್ತಿದ್ದಾಗ ಗೋಡೆ ಠಕ್ ಠಕ್ ಎಂದಿತು. ಹೊರಗೆ ಚೆನ್ನಾಗಿ ಬಿಸಿಲಿತ್ತು. ಲಟ್ಟಣಿಗೆ ಪೆಟ್ಟಿಗೆ ಸೇರಿತ್ತು. ಕಾಕು ಬರಿಗೈಯಲ್ಲೇ ಬಡಿದಳು. ವಿಮಾನದಲ್ಲಿ ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

ಹೈದರಾಬಾದಿನಲ್ಲಿ ಬಿಸಿಲು ಧರ್ಮಕ್ಕೆ. ಸಂಡಿಗೆ ಒಂದೇ ದಿನದಲ್ಲಿ ಒಣಗಿ ಗಲಗಲ ಎನ್ನುತ್ತಿತ್ತು. ಅಷ್ಟು ವರ್ಷ ಬಿಸಿಲಿಗಾಗಿ ಹಂಬಲಿಸಿದವಳು ಈಗ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸುತ್ತ ಕಾಂಪೌಂಡಿದ್ದ ಬಾಡಿಗೆ ಮನೆಗಳಲ್ಲಿ ಕಾಲ ಕಳೆಯಿತು, ಬಡಿಯಲು ಗೋಡೆಯೇ ಇರಲಿಲ್ಲ. ಹಿರಿಯರೆಲ್ಲ ಒಬ್ಬೊಬ್ಬರಾಗಿ ಹೋದ ಮೇಲೆ ಕಾಕು ನನ್ನ ಫ್ಲ್ಯಾಟಿಗೆ ಬಂದಳು. ಹಗಲೆಲ್ಲ ನಾನು ಆಫೀಸಿನಲ್ಲಿ, ಆಕೆ ಒಬ್ಬಳೇ. ತಾನು ಬಿದ್ದರೆ ಯಾರಿಗೂ ತಿಳಿಯದೇ ಹೋದೀತು ಎಂಬ ಭಯ ಆಕೆಗೆ. ಫೋನು ಕೊಡಿಸಿದೆ, ಅದನ್ನು ಟವೆಲ್ಲಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು.

ಅಡುಗೆಮನೆಯ ಗೋಡೆಯ ಆಚೆ ತೆಲುಗಿನ ಪದ್ಮಕ್ಕನ ಮನೆ. ಮೊದಲ ಮಳೆಗೇ ಕಾಕು ಬಡಿದಳು. ಟಿವಿ ಸದ್ದು ಹೆಚ್ಚಾಯಿತೆಂದು ಬಡಿದರೇನೋ ಎಂದು ಪದ್ಮಕ್ಕ ಸದ್ದು ತಗ್ಗಿಸಿದಳಂತೆ. ಮುಂದಿನ ಮಳೆಗೆ ಟಿವಿಯನ್ನೇ ಆರಿಸಿದಳು. ಅದಾದ ಮೇಲೆ ಜಗಳಕ್ಕೇ ಬಂದಳು. ಕಾಕು ಆಕೆಯ ಕೈಹಿಡಿದು ಬಾಲ್ಕನಿಗೆ ಕರೆದೊಯ್ದು ನೆನೆಯುತ್ತಿದ್ದ ಬಟ್ಟೆ ತೋರಿಸಿದಳು. ಪದ್ಮಕ್ಕ ನಕ್ಕು ಹಣೆ ಬಡಿದುಕೊಂಡು ಹೋದಳು. ಅಂದಿನಿಂದ ಜಗಳವಿಲ್ಲ, ಕಾಕುವನ್ನು ಪೆದ್ದಮ್ಮ, ಅಂದರೆ ದೊಡ್ಡಮ್ಮ, ಎನ್ನತೊಡಗಿದಳು. ಆದರೆ ಆಕೆ ಒಮ್ಮೆಯೂ ತಿರುಗಿ ಬಡಿಯಲಿಲ್ಲ. ಪ್ರತಿ ಮಳೆಗೂ ಕಾಕು ಬಡಿದು, ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದಳು. ಪದ್ಮಕ್ಕನಿಗೆ ಹೇಳುತ್ತೇನೆಂದರೆ ಬೇಡವೆಂದಳು. "ಹೇಳಿ ಬಡಸೂದು ಬ್ಯಾಡ. ಕೇಳಿದ್ರ ತಾನ ಬಡೀತಾಳ."

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಆಫೀಸಿಗೆ ಪದ್ಮಕ್ಕನ ಫೋನು ಬಂತು. ಕಾಕು ಅಡುಗೆಮನೆಯಲ್ಲಿ ಬಿದ್ದಿದ್ದಳು, ಆಗಲೇ ಆಸ್ಪತ್ರೆಗೆ ಸೇರಿಸಿಯಾಗಿತ್ತು. ನಾನು ಆಸ್ಪತ್ರೆ ಮುಟ್ಟಿದಾಗ ಕಾಕುವಿಗೆ ಇನ್ನೂ ಎಚ್ಚರವಿತ್ತು. ನಮ್ಮ ಮನೆಯ ಬೀಗದ ಕೈ ಪದ್ಮಕ್ಕನ ಬಳಿ ಒಂದು ಇರುತ್ತಿತ್ತು ನಿಜ, ಆದರೆ ಆ ಹೊತ್ತಿಗೆ ನಮ್ಮ ಮನೆಗೆ ಬಂದದ್ದು ಹೇಗೆ ಎಂದು ಕೇಳಿದೆ. ಮಳೆ ಬಂತು, ಪೆದ್ದಮ್ಮ ಗೋಡೆ ಬಡಿಯಲಿಲ್ಲ, ಅದಕ್ಕೇ ಓಡಿಬಂದೆ ಎಂದು ಆಕೆ ತೆಲುಗಿನಲ್ಲಿ ಹೇಳಿದಳು.

ಕಾಕು ಕಣ್ಣು ತೆರೆದು ಪದ್ಮಕ್ಕನನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: "ಕೇಳಸ್ತಿತ್ತಂತ ನೋಡವಾ ಆಕಿಗಿ." ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ಮನೆಯಲ್ಲಿ ಈಗ ನಾನೊಬ್ಬಳೇ. ಕಾಕು ಬೇಕು ಅನ್ನಿಸುತ್ತದೆ, ಆ ಓಣಿ ಬೇಕು ಅನ್ನಿಸುತ್ತದೆ, ಬಿಸಿಲಿಗೆ ಕಾಯುತ್ತಿದ್ದ ಆ ಸಂಡಿಗೆ ತಟ್ಟೆ ಕೂಡ. ಕಾಕು ಹೋದ ಮೇಲೆ ಮೊದಲ ಮಳೆ ಬಂದದ್ದು ಒಂದು ಭಾನುವಾರ. ಹಗ್ಗದ ಮೇಲೆ ಬಟ್ಟೆ ಇರಲಿಲ್ಲ, ಸುಮ್ಮನೆ ಕೂತಿದ್ದೆ. ಅಡುಗೆಮನೆಯ ಗೋಡೆ ಠಕ್ ಠಕ್ ಎಂದಿತು. ಎದ್ದು ಹೋದೆ. ಲಟ್ಟಣಿಗೆ ಹುಡುಕುವಷ್ಟು ತಡೆಯಲಾಗಲಿಲ್ಲ. ಬರಿಗೈಯಲ್ಲೇ ಬಡಿದೆ.