ಅವಧಿ ಮುಗಿದ ರೀಲು, ತಿದ್ದದ ಮುಖ

ಕೋವಿಡ್ ಕಳೆದು ಮದುವೆ ಮನೆಗಳು ಮತ್ತೆ ತುಂಬಿಕೊಂಡ ವರ್ಷ ಅದು. ಸಾಗರದ ನನ್ನ ಸ್ಟುಡಿಯೋ ಇನ್ನೂ ಬಾಗಿಲು ತೆರೆಯುತ್ತಿತ್ತು, ಮದುವೆ ಕೆಲಸ ಮಾತ್ರ ಬಿಟ್ಟಿದ್ದೆ. ಹಿಂದಿನ ಡಾರ್ಕ್‌ರೂಮ್ ಒಡೆದು ಬಾಡಿಗೆಗೆ ಕೊಡಿ ಎಂದು ಹೇಳದವರಿಲ್ಲ. ಕೊಡಲಿಲ್ಲ. ಫ್ರಿಜ್ಜಿನಲ್ಲಿ ಅವಧಿ ಮುಗಿದು ಹದಿನೈದು ವರ್ಷವಾದ ಎರಡು ಕಪ್ಪು-ಬಿಳುಪು ರೀಲುಗಳಿದ್ದವು. ಅವನ್ನೂ ಎಸೆಯಲಿಲ್ಲ.

ಆಗ ಬಂದವರು ಸರೋಜಾ ಟೀಚರ್. ಹೊಸನಗರದ ಕಡೆಯ ಸರ್ಕಾರಿ ಶಾಲೆಯೊಂದರ ಮುಖ್ಯ ಶಿಕ್ಷಕಿ, ನಿವೃತ್ತಿಗೆ ಹತ್ತಿರವಾಗಿದ್ದರು. ಚಿಕ್ಕಂದಿನಿಂದ ಅವರಿಗೆ ತೊನ್ನು. ಬಲಗೆನ್ನೆಯಲ್ಲಿ, ತುಟಿಯ ಸುತ್ತ ಬಿಳಿ ಮಚ್ಚೆ. ಆ ಶಾಲೆಯ ಆಫೀಸಿನಲ್ಲಿ ಮುಖ್ಯೋಪಾಧ್ಯಾಯರ ಫೋಟೊಗಳನ್ನು ಸಾಲಾಗಿ ಹಾಕುವ ಪದ್ಧತಿ. ಹಳೆ ವಿದ್ಯಾರ್ಥಿಗಳು ಪ್ರೀತಿಯಿಂದಲೇ ಇವರ ಫೋಟೊ ತೆಗೆಸಿ, ಪ್ರೀತಿಯಿಂದಲೇ ಕಂಪ್ಯೂಟರಿನಲ್ಲಿ ಮಚ್ಚೆ ಅಳಿಸಿ, ಮುಖವನ್ನೆಲ್ಲ ಬೆಳ್ಳಗೆ ಮಾಡಿ, ಫ್ರೇಮು ಹಾಕಿಸಿ ಗೋಡೆಗೂ ಏರಿಸಿಬಿಟ್ಟಿದ್ದರು.

"ಬೇಡ ಅಂದಿದ್ದೆ ಶ್ರೀಪಾದಣ್ಣ, ಆದ್ರೂ ಮಾಡಿದಾರೆ," ಎಂದರು ಟೀಚರ್. "ಮಕ್ಳು ಇಷ್ಟು ವರ್ಷ ಈ ಮುಖ ನೋಡ್ಕಂಡೇ ಮಗ್ಗಿ ಕಲ್ತಿದಾರೆ. ಯಾರೂ ತಿದ್ದಕ್ಕಾಗ್ದಂಗೆ ಒಂದು ತೆಗೆದು ಕೊಡ್ತೀರಾ?"

ನನಗೆ ಮೈ ಉರಿಯಿತು. ಗಿರಾಕಿ ಕೇಳಲಿ ಬಿಡಲಿ, ಮುಖ ಬೆಳ್ಳಗೆ ಮಾಡುವುದು ಈಗ ನಮ್ಮ ಕಸುಬಿನ ಚಾಳಿ. ಫಿಲಂನಲ್ಲಿ ತೆಗೆಯುತ್ತೇನೆ, ನೆಗೆಟಿವ್ ನಿಮ್ಮ ಕೈಗೇ ಕೊಡುತ್ತೇನೆ ಎಂದೆ. ಪಕ್ಕದ ಸ್ಟುಡಿಯೋದವನು ಕೇಳಿಸಿಕೊಂಡು ನಕ್ಕ. "ಡೇಟ್ ಮುಗ್ದಿದ್ ಮಾತ್ರೆ ಯಾರಾದ್ರೂ ನುಂಗ್ತಾರಾ?"

ಹಳೆಯ ಫಿಲಂಗೆ ಎರಡು ಕಾಯಿಲೆ. ಬೆಳಕಿಗೆ ಮಂದವಾಗುತ್ತದೆ, ಡೆವಲಪ್ ಮಾಡಿದಾಗ ಬೆಳಕು ಬೀಳದ ಕಡೆಯೂ ಬೂದು ಮುಸುಕು ಬರುತ್ತದೆ, ಅದಕ್ಕೆ ಫಾಗ್ ಎನ್ನುತ್ತೇವೆ. ಮೊದಲ ರೀಲನ್ನು ಸ್ಟುಡಿಯೋದಲ್ಲೇ ತೆಗೆದೆ, ಬೆಳಕು ಸಾಲಲಿಲ್ಲ. ಪ್ರಿಂಟ್ ಹಾಕಿದರೆ ಮುಖವೆಲ್ಲ ಒಂದೇ ಬೂದು, ಮಚ್ಚೆಯ ಸುಳಿವೇ ಇಲ್ಲ. ಕಂಪ್ಯೂಟರ್ ಮಾಡಿದ್ದನ್ನೇ ನನ್ನ ರೀಲೂ ಮಾಡಿತ್ತು!

ಹಳೆ ವಿದ್ಯಾರ್ಥಿ ಸಂಘದ ಗಣೇಶ ಸುದ್ದಿ ತಿಳಿದು ಬಂದವನು ಆ ಪ್ರಿಂಟ್ ನೋಡಿ ಖುಷಿಯಾದ. "ಇದನ್ನೇ ಕೊಟ್ಬಿಡಿ ಸಾರ್. ಫಿಲಂ ಹಳೇದು ಅಂದ್ರಾಯ್ತು, ಟೀಚರಿಗೂ ಬೇಜಾರಿಲ್ಲ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಣತನ. ಆಗಲ್ಲ ಎಂದು ಅವನೆದುರೇ ಅದನ್ನು ಹರಿದು ಹಾಕಿದೆ.

ಹೊಸ ಫಿಲಂ ಊರಲ್ಲೆಲ್ಲೂ ಸಿಗದು, ಉಳಿದದ್ದು ಒಂದೇ ರೀಲು. ಈ ಸಲ ಟೀಚರನ್ನು ಶಾಲೆಯ ಜಗಲಿಯಲ್ಲಿ ಬಯಲಿಗೆ ಮುಖ ಮಾಡಿ ಕೂರಿಸಿದೆ. ಮೈಬಣ್ಣ ಕಡುವಾಗಿ ಮಚ್ಚೆ ಎದ್ದು ಕಾಣಲಿ ಎಂದು ಲೆನ್ಸಿಗೆ ಹಸಿರು ಫಿಲ್ಟರ್ ಹಾಕಿದೆ. ನಾಲ್ಕುನೂರು ಸ್ಪೀಡಿನ ಫಿಲಂ ಮಂದವಾಗಿ ನೂರಕ್ಕಿಳಿದಿದೆ ಎಂದುಕೊಂಡು ನಾಲ್ಕು ಪಟ್ಟು ಬೆಳಕು ಕೊಟ್ಟೆ. ಡೆವಲಪರ್ ದ್ರಾವಣಕ್ಕೆ ಚಿಟಿಕೆ ಪೊಟ್ಯಾಸಿಯಂ ಬ್ರೋಮೈಡ್ ಬೆರೆಸಿದೆ; ಫಾಗನ್ನು ಹತ್ತಿಕ್ಕುವ ಉಪ್ಪು ಅದು. ಡೆವಲಪ್ ಆದ ಫಿಲಂ ಟ್ಯಾಂಕಿನಿಂದ ತೆಗೆದು ಬೆಳಕಿಗೆ ಹಿಡಿದೆ. ನೆಗೆಟಿವ್‌ನಲ್ಲಿ ಬಿಳಿಯೆಲ್ಲ ಕಪ್ಪು. ಕೆನ್ನೆಯಲ್ಲಿ, ತುಟಿಯ ಸುತ್ತ ಮಚ್ಚೆಗಳು ಗಟ್ಟಿ ಕಪ್ಪಾಗಿ ಕೂತಿದ್ದವು. ಒಬ್ಬನೇ ಜೋರಾಗಿ ನಕ್ಕೆ.

ಬೀಳ್ಕೊಡುಗೆಯ ದಿನ ಟೀಚರೇ ಸ್ಟೂಲು ಹತ್ತಿ, ಗೋಡೆಯಲ್ಲಿದ್ದ ಬೆಳ್ಳನೆಯ ಫೋಟೊ ಇಳಿಸಿ ನನ್ನದನ್ನು ನೇತುಹಾಕಿದರು.

"ಅಷ್ಟು ಚಂದದ್ದು ತೆಗ್ದ್ರಲ್ಲ ಟೀಚರ್," ಎಂದ ಗಣೇಶ.

ಟೀಚರ್ ಅದನ್ನು ಅವನ ಕೈಗಿಟ್ಟರು. "ತಗಂಡ್ ಹೋಗು ಮಾರಾಯ. ಇವ್ರು ನಮ್ ಶಾಲೇಲಿ ಕೆಲ್ಸ ಮಾಡಿಲ್ಲ."

ಫಿಲಂ ಕೆಟ್ಟಿದ್ದರೆ ಸರಿಮಾಡುವುದು ನನ್ನ ಕಸುಬು. ಮುಖ ಕೆಟ್ಟಿದೆ ಎಂದು ತೀರ್ಮಾನಿಸುವುದು ನನ್ನ ಕಸುಬಲ್ಲ. ಯಾರ ಕಸುಬೂ ಅಲ್ಲ.